‘ನಿಧನರಾದ’ ಎಂಬಲ್ಲಿ ಯಂತ್ರ ಎಡವಿದ್ದೇಕೆ?

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಇಂಗ್ಲಿಷ್-ಕನ್ನಡ ಅನುವಾದ ಮಾಡಿಕೊಂಡು ಬಂದಿದ್ದೇನೆ. ಬ್ಯಾಂಕ್ ಫಾರಂ, ಔಷಧಿ ಡಬ್ಬಿಯ ಚೀಟಿ, ಮೊಬೈಲ್ ಆ್ಯಪ್, ಹೀಗೆ ಸಿಕ್ಕಿದ್ದೆಲ್ಲ. ಈಗ ಕೆಲಸ ಕೊಡುವವರು ಮೊದಲು ಯಂತ್ರಕ್ಕೆ ಹಾಕಿ, ಬಂದದ್ದನ್ನು “ಸ್ವಲ್ಪ ನೋಡಿಕೊಡಿ” ಎಂದು ನನಗೆ ಕಳಿಸುತ್ತಾರೆ. ದುಡ್ಡು ಅರ್ಧಕ್ಕಿಂತ ಕಡಿಮೆ. ಕೆಲವು ಸಾಲು ನಾನು ಬರೆಯುವುದಕ್ಕಿಂತ ಚೆನ್ನಾಗಿರುತ್ತವೆ, ಕೆಲವಕ್ಕೆ ತಲೆಬುಡ ಇರುವುದಿಲ್ಲ. ಮುಖ್ಯಮಂತ್ರಿಗಳೇ ತೀರಿಕೊಂಡರು ಎಂದು 2025ರಲ್ಲಿ ಯಂತ್ರ ಅನುವಾದಿಸಿದ್ದು ನೆನಪಿದೆ. ಇಷ್ಟೆಲ್ಲ ಬಲ್ಲದ್ದು ಅಷ್ಟು ಸಣ್ಣದರಲ್ಲಿ ಯಾಕೆ ಎಡವುತ್ತದೆ? ಇಷ್ಟು ಹಳೆಯ ಕಸುಬು ಯಂತ್ರದ ಕೈಗೆ ಹೋದದ್ದು ಹೇಗೆ? ನಾನು ಇದರಲ್ಲಿ ಇರಲೋ, ಬಿಡಲೋ?
(ಓದುಗರು, ಶಿವಮೊಗ್ಗ)

ಉತ್ತರ: ಮುಖ್ಯಮಂತ್ರಿಗಳ ವಿಷಯದಿಂದಲೇ ಶುರು ಮಾಡೋಣ. ನಿಮ್ಮ ಮೂರೂ ಪ್ರಶ್ನೆಯ ಗಂಟು ಅಲ್ಲೇ ಇದೆ.

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಹೋಗಿ ಅಂತಿಮ ದರ್ಶನ ಪಡೆದರು. ಅವರ ಕಚೇರಿ ಆ ಸುದ್ದಿಯನ್ನು ಕನ್ನಡದಲ್ಲಿ ಹಾಕಿತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ತೀರಿಕೊಂಡವರು ಸಿದ್ದರಾಮಯ್ಯನವರೇ ಎನ್ನುವಂತೆ ತೋರಿಸಿತು. ಕಚೇರಿ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿತು.

ಕನ್ನಡ ಸಾಲಿನ ಕಟ್ಟು ಹೆಚ್ಚುಕಡಿಮೆ ಹೀಗಿತ್ತು: “ಸಿದ್ದರಾಮಯ್ಯ ಅವರು ನಿನ್ನೆ ನಿಧನರಾದ ನಟಿ ಸರೋಜಾದೇವಿ ಅವರ ಅಂತಿಮ ದರ್ಶನ ಪಡೆದರು.” ಕಾಗದದ ಚೂರಿನಿಂದ ಬಲಗಡೆ ಮುಚ್ಚಿ, ಒಂದೊಂದೇ ಪದ ಬಿಡಿಸುತ್ತ ಓದಿ ನೋಡಿ. “ಸಿದ್ದರಾಮಯ್ಯ ಅವರು ನಿನ್ನೆ ನಿಧನರಾದ...” ಇಲ್ಲಿಗೆ ನಿಲ್ಲಿಸಿದರೆ ನಿಮಗೂ ಎದೆ ಧಸಕ್ ಎನ್ನುತ್ತದೆ. ನಮ್ಮನ್ನು ಕಾಪಾಡುವುದು ಒಂದೇ ಒಂದು ಅಕ್ಷರ. “ನಿಧನರಾದರು” ಎಂದಿದ್ದರೆ ಮಾತು ಮುಗಿಯಿತು. “ನಿಧನರಾದ” ಎಂದಿರುವುದರಿಂದ ಮುಂದೆ ಒಂದು ಹೆಸರು ಬರಲೇಬೇಕು ಅಂತ ನಮಗೆ ಗೊತ್ತು, ಹಾಗಾಗಿ ಕಾಯುತ್ತೇವೆ. ಕರ್ತೃ ಈ ತುದಿಯಲ್ಲಿ, ಕ್ರಿಯೆ ಆ ತುದಿಯಲ್ಲಿ, ತೀರಿಕೊಂಡವರು ನಡುವೆ. ಇಂಗ್ಲಿಷಿನಲ್ಲಿ ಮೊದಲು ನಟಿಯ ಹೆಸರು ಬರುತ್ತದೆ, ಆಮೇಲೆ “ಯಾರು ನಿನ್ನೆ ತೀರಿಕೊಂಡರೋ ಅವರು” ಎಂಬ ವಿವರಣೆ. ಯಂತ್ರ ಈ ಹಿಂದುಮುಂದು ಮಾಡುವಾಗಲೇ ಸಾವನ್ನು ತಪ್ಪಾದ ಹೆಸರಿಗೆ ಅಂಟಿಸಿತು.

ನಗುವ ಮುಂಚೆ ಒಂದು ಹಳೆಯ ಕತೆ. ಬೈಬಲ್ಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ದೊಡ್ಡ ವಿದ್ವಾಂಸ. ಪದಕ್ಕೆ ಪದವಲ್ಲ, ಅರ್ಥಕ್ಕೆ ಅರ್ಥ ಹೊಂದಿಸಬೇಕು ಎಂದು ವಾದಿಸಿದವನೂ ಅವನೇ. ಮೋಸೆಸ್ ಬೆಟ್ಟದಿಂದ ಇಳಿದಾಗ ಮುಖ ಹೊಳೆಯುತ್ತಿತ್ತು ಎನ್ನುವ ಕಡೆ ಹೀಬ್ರೂ ಮೂಲದಲ್ಲಿ ಕ-ರ-ನ ಎಂಬ ವ್ಯಂಜನಗಳ ಪದವಿದೆ. ಆಗಿನ ಹೀಬ್ರೂ ಬರಹದಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ಆ ಪದವನ್ನು ಕಿರಣ ಎಂದೂ ಓದಬಹುದು, ಕೊಂಬು ಎಂದೂ ಓದಬಹುದು. ಜೆರೋಮ್ ಕೊಂಬು ಎಂದ. ಸಾವಿರ ವರ್ಷ ಕಳೆದ ಮೇಲೆ ಮೈಕೆಲ್ಯಾಂಜಲೊ ಕಡೆದ ಮೋಸೆಸ್ ತಲೆಯ ಮೇಲೂ ಎರಡು ಕೊಂಬು. ರೋಮ್‌ಗೆ ಹೋದವರು ಈಗಲೂ ನೋಡಿ ಬರಬಹುದು. ತಪ್ಪು ಕಲ್ಲಿಗೇ ಇಳಿದುಬಿಟ್ಟಿದೆ.

ಇನ್ನು ಕಸುಬಿನ ವಿಷಯ. ಹಿಂದೆ ಎಷ್ಟೋ ಕಡೆ ಅನುವಾದ ಒಬ್ಬರ ಕೆಲಸವಾಗಿರಲಿಲ್ಲ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದ ಸನ್ಯಾಸಿ ಕುಮಾರಜೀವ 401ರಲ್ಲಿ ಚೀನಾದ ಚಾಂಗಾನ್‌ಗೆ ಬಂದ. ತಂದೆ ಭಾರತದ ಕಡೆಯವರು, ತಾಯಿ ಮಧ್ಯ ಏಷ್ಯಾದ ಕೂಚಾ ರಾಜಮನೆತನದವರು. ಅವನ ಅನುವಾದ ಸಭೆಯಲ್ಲಿ ಮೂಲ ಓದುವವರು, ಬಾಯಲ್ಲಿ ಅರ್ಥ ಹೇಳುವವರು, ಬರೆದುಕೊಳ್ಳುವವರು, ಚೀನೀ ಭಾಷೆ ತಿದ್ದುವವರು ಬೇರೆ ಬೇರೆ. ಇಷ್ಟೆಲ್ಲ ಮಾಡಿಯೂ ಆತ, ಅನುವಾದ ಎಂದರೆ ಅನ್ನವನ್ನು ಅಗಿದು ಇನ್ನೊಬ್ಬರಿಗೆ ತಿನ್ನಿಸಿದ ಹಾಗೆ ಎಂದಿದ್ದ. ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದು ಆ ಮಾತನ್ನು ಒಪ್ಪದವರನ್ನು ನಾನು ಕಂಡಿಲ್ಲ.

ನಮ್ಮ ಪಂಚತಂತ್ರ ತಿರುಗಿದ ದಾರಿ ಇನ್ನೂ ಚೆಂದ. ಆರನೇ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯ ಅದನ್ನು ಪರ್ಷಿಯಾದ ಆಗಿನ ಪಹ್ಲವಿ ಭಾಷೆಗೆ ಒಯ್ದ. ಎಂಟನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫ ಅದನ್ನು ಅರಬ್ಬಿಗೆ ತಂದ. ನಮ್ಮ ಕರಟಕ-ದಮನಕ ನರಿಗಳು ಅಲ್ಲಿ ಕಲೀಲ-ದಿಮ್ನ ಆದವು. ಅರಬ್ಬಿಯಿಂದ ಹೀಬ್ರೂ, ಹೀಬ್ರೂವಿನಿಂದ ಲ್ಯಾಟಿನ್. ಕೊನೆಗೆ 1570ರಲ್ಲಿ ಥಾಮಸ್ ನಾರ್ತ್ ಕೈಯಲ್ಲಿ ಇಂಗ್ಲಿಷ್. ಅಷ್ಟು ಹೊತ್ತಿಗೆ ನಮ್ಮ ದುರ್ಗಸಿಂಹ ಕನ್ನಡ ಪಂಚತಂತ್ರ ಬರೆದು ಐನೂರು ವರ್ಷ ದಾಟಿತ್ತು. ಅದೂ ವಿಷ್ಣುಶರ್ಮನ ಪಂಚತಂತ್ರದಿಂದಲ್ಲ, ವಸುಭಾಗಭಟ್ಟನ ಪಂಚತಂತ್ರದಿಂದ.

ಇಲ್ಲೊಂದು ಗಮನಿಸಿ. ನಮ್ಮ ಹಳಬರು ಯಾರೂ ಮೂಲಕ್ಕೆ ಕನ್ನಡಿ ಹಿಡಿಯಬೇಕು ಅಂತ ಕೂತವರಲ್ಲ. ‘ಕವಿರಾಜಮಾರ್ಗ’ ಸುಮಾರು 850ರದ್ದು. ದಂಡಿಯ ಸಂಸ್ಕೃತ ಲಕ್ಷಣಗ್ರಂಥವನ್ನು ಮುಂದಿಟ್ಟುಕೊಂಡೇ ಬರೆದದ್ದು. ಆದರೂ ಬೇಕಾದ ಕಡೆ ಕನ್ನಡದ್ದೇ ಮಾತು ಸೇರಿಸುತ್ತದೆ. ತಿಳಿಯದೆ ಸಂಸ್ಕೃತ, ಕನ್ನಡ ಎರಡನ್ನೂ ಒಂದೇ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಎಂದು ಎಚ್ಚರಿಸುತ್ತದೆ. ಪಂಪ 941ರಲ್ಲಿ ಮಹಾಭಾರತವನ್ನು ಕನ್ನಡಿಸುವಾಗ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜಾಗದಲ್ಲಿ ಕೂರಿಸಿದ. ಇವತ್ತಿನ ಯಾವ ಕ್ಲೈಂಟೂ ಇದನ್ನು ಒಪ್ಪಿ ಬಿಲ್ ಪಾಸ್ ಮಾಡುವುದಿಲ್ಲ, ಅಲ್ವಾ?

ಸಾಲಿಗೆ ಸಾಲು ಹೊಂದಬೇಕು ಎನ್ನುವ ಒತ್ತಾಯ ನಮ್ಮಲ್ಲಿ ಬಲವಾದದ್ದು ಮಿಷನರಿಗಳ ಬೈಬಲ್, ಸರ್ಕಾರದ ಕಾಯ್ದೆ, ಕೋರ್ಟಿನ ಕಾಗದ ಬಂದ ಮೇಲೆ. ಅಲ್ಲಿ ಒಂದು ಸಾಲು ಬಿಟ್ಟರೂ ಕಷ್ಟ. ಸಾಹಿತ್ಯದವರು ಮಾತ್ರ ತಮ್ಮ ದಾರಿ ಬಿಡಲಿಲ್ಲ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಬಂದದ್ದು 1926ರಲ್ಲಿ. ಅದರಲ್ಲಿ ನ್ಯೂಮನ್ ಬರೆದ ಒಂದು ಪ್ರಾರ್ಥನೆ ಇದೆ. ಇಂಗ್ಲಿಷಿನಲ್ಲಿ ಅದು ಬೆಳಕಿಗೆ “ನಡೆಸು” ಎಂದು ಹೇಳುತ್ತ ಶುರುವಾಗುತ್ತದೆ. ಶ್ರೀಯವರು “ಕರುಣಾಳು ಬಾ ಬೆಳಕೆ” ಎಂದರು. ಮೂಲದಲ್ಲಿ “ಬಾ” ಇಲ್ಲ. ಕನ್ನಡದಲ್ಲಿ ದೇವರನ್ನು ಮೊದಲು ಕರೆಯಬೇಕು, ಆಮೇಲೆ ಕೇಳಬೇಕು. ಆ “ಬಾ” ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

ಯಂತ್ರ ಹುಟ್ಟಿದ್ದು ಇಂಥ ಪ್ರಶ್ನೆಗಳಿಂದಲ್ಲ, ಯುದ್ಧದ ಗುಪ್ತಲಿಪಿ ಒಡೆಯುವ ಕೆಲಸದಿಂದ. ಅಮೆರಿಕದ ಗಣಿತಜ್ಞ ವಾರೆನ್ ವೀವರ್ 1947ರಲ್ಲಿ ಸ್ನೇಹಿತನಿಗೆ ಪತ್ರ ಬರೆದ. ರಷ್ಯನ್ ಲೇಖನ ಕಂಡರೆ ನನಗೆ ಅದು ಇಂಗ್ಲಿಷೇ ಅನ್ನಿಸುತ್ತದೆ, ಏನೋ ವಿಚಿತ್ರ ಚಿಹ್ನೆಗಳಲ್ಲಿ ಅಡಗಿಸಿಟ್ಟಿದ್ದಾರೆ, ಬಿಡಿಸಿದರಾಯಿತು, ಎಂಬ ಅರ್ಥದ ಮಾತು ಅದರಲ್ಲಿತ್ತು. 1949ರಲ್ಲಿ ಇದನ್ನೇ ಬೆಳೆಸಿ ಒಂದು ಟಿಪ್ಪಣಿ ಹಂಚಿದ.

1954ರ ಜನವರಿ 7ರಂದು ನ್ಯೂಯಾರ್ಕಿನ ಐಬಿಎಂ ಕಚೇರಿಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಜೊತೆಗಿತ್ತು. ರಷ್ಯನ್ ಒಂದಕ್ಷರ ಬಾರದ ಹುಡುಗಿಯೊಬ್ಬಳು ರಷ್ಯನ್ ವಾಕ್ಯಗಳನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟಳು. ಯಂತ್ರ ಇಂಗ್ಲಿಷಿನಲ್ಲಿ ಅಚ್ಚು ಹಾಕಿತು. “ನಾವು ಮಾತಿನ ಮೂಲಕ ವಿಚಾರಗಳನ್ನು ತಿಳಿಸುತ್ತೇವೆ” ಎನ್ನುವುದು ಅದರಲ್ಲಿ ಒಂದು ಸಾಲು. ಪತ್ರಿಕೆಗಳು ಕುಣಿದಾಡಿದವು. ಮೂರರಿಂದ ಐದು ವರ್ಷದಲ್ಲಿ ಎಲ್ಲ ಬಗೆಹರಿಯುತ್ತದೆ ಎಂದರು. ಆದರೆ ಆ ಯಂತ್ರಕ್ಕೆ ಗೊತ್ತಿದ್ದದ್ದು 250 ಪದ, ಆರು ನಿಯಮ. ವಾಕ್ಯಗಳನ್ನೂ ಅದಕ್ಕೆ ತಕ್ಕಂತೆ ಆರಿಸಿಟ್ಟಿದ್ದರು.

ನಿಯಮ ಹೆಚ್ಚಿಸಿದ ಹಾಗೆ ಗೋಜಲೂ ಹೆಚ್ಚಿತು. ಬಾರ್-ಹಿಲೆಲ್ ಎಂಬ ತರ್ಕಶಾಸ್ತ್ರಜ್ಞ 1960ರಲ್ಲಿ ಒಂದು ಸಣ್ಣ ಇಂಗ್ಲಿಷ್ ವಾಕ್ಯ ಮುಂದಿಟ್ಟ. ಮಗುವಿನ ಆಟಿಕೆ ಪೆಟ್ಟಿಗೆ “ಪೆನ್”ನಲ್ಲಿತ್ತು ಎಂದು. ಪೆನ್ ಎಂದರೆ ಬರೆಯುವ ಲೇಖನಿಯೂ ಹೌದು, ಮಗು ಆಡಲು ಕಟ್ಟಿದ ಅಡ್ಡಕಟ್ಟೂ ಹೌದು. ಲೇಖನಿಯೊಳಗೆ ಪೆಟ್ಟಿಗೆ ಹಿಡಿಸುವುದಿಲ್ಲ ಅನ್ನುವುದು ವ್ಯಾಕರಣವಲ್ಲ, ಲೋಕಜ್ಞಾನ. ಅದನ್ನು ಯಂತ್ರಕ್ಕೆ ತುಂಬುವುದು ಹೇಗೆ ಎಂದು ಕೇಳಿದ. ನಮ್ಮ “ಹತ್ತು ಮರ ಹತ್ತು” ಕೂಡ ಇದೇ ಜಾತಿಯ ತಲೆನೋವು. 1966ರಲ್ಲಿ ಅಮೆರಿಕ ಸರ್ಕಾರದ ಸಮಿತಿಯೊಂದು, ಇದಕ್ಕಿಂತ ಮನುಷ್ಯರೇ ಅಗ್ಗ ಮತ್ತು ವಾಸಿ ಎಂದು ವರದಿ ಕೊಟ್ಟಿತು. ದುಡ್ಡು ನಿಂತಿತು. “ದೇಹ ದುರ್ಬಲ” ಎನ್ನುವುದನ್ನು ಯಂತ್ರ “ಮಾಂಸ ಕೆಟ್ಟಿದೆ” ಮಾಡಿತು ಎಂಬ ಜೋಕ್ ಆ ಕಾಲದ್ದು. ಅದು ಕಟ್ಟುಕತೆ, ನಂಬಬೇಡಿ.

ನಿಯಮದ ದಾರಿ ಪೂರ್ತಿ ಸೋತಿತು ಅಂತಲೂ ಅಲ್ಲ. ಕೆನಡಾದಲ್ಲಿ ಹವಾಮಾನ ವರದಿಯನ್ನಷ್ಟೇ ಇಂಗ್ಲಿಷಿನಿಂದ ಫ್ರೆಂಚಿಗೆ ತಿರುಗಿಸುವ ಯಂತ್ರ 1970ರ ದಶಕದಿಂದ ಬಹಳ ವರ್ಷ ದುಡಿಯಿತು. ಮೋಡ, ಮಳೆ, ಗಾಳಿ, ಡಿಗ್ರಿ. ಪದ ಕಡಿಮೆ, ಗೊಂದಲವೂ ಕಡಿಮೆ.

ನಮ್ಮಲ್ಲೂ ಒಂದು ಪ್ರಯತ್ನ ನಡೆಯಿತು. ಅದರ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ. ಐಐಟಿ ಕಾನ್ಪುರ, ಆಮೇಲೆ ಹೈದರಾಬಾದಿನಲ್ಲಿ ಬೆಳೆದ ‘ಅನುಸಾರಕ’. ಪಾಣಿನಿಯ ವ್ಯಾಕರಣದ ಬೆನ್ನು ಹಿಡಿದು, ಕನ್ನಡ, ತೆಲುಗು ಮುಂತಾದ ಭಾಷೆಗಳಿಂದ ಹಿಂದಿಗೆ ದಾರಿ ಮಾಡಲು ಹೊರಟಿತು. ಅವರಿಗೆ ಎದುರಾದ ದೊಡ್ಡ ಗಂಟು ಯಾವುದು ಗೊತ್ತೇ? ನಮ್ಮ “ನಿಧನರಾದ” ಜಾತಿಯ ಪದವೇ. “ರಾಮ ತಿಂದ ಹಣ್ಣು” ಎಂದರೆ ಹಣ್ಣು ರಾಮನ ಹೊಟ್ಟೆ ಸೇರಿತು. “ರಾಮ ತಿಂದ ತಟ್ಟೆ” ಎಂದರೆ? ತಟ್ಟೆಯನ್ನು ತಿಂದ ಅಂತ ಯಾರಿಗೂ ಅನ್ನಿಸುವುದಿಲ್ಲ. “ರಾಮ ತಿಂದ ದಿನ”, “ರಾಮ ತಿಂದ ಹೋಟೆಲು”, ಎಲ್ಲ ಕಡೆ ಅದೇ “ತಿಂದ”. ಯಾರು, ಯಾವುದನ್ನು, ಯಾವುದರಲ್ಲಿ, ಯಾವಾಗ ಎಂಬುದನ್ನು ಕನ್ನಡ ಬಾಯಿಬಿಟ್ಟು ಹೇಳುವುದೇ ಇಲ್ಲ. ಹಿಂದಿ ಹೇಳಿಸುತ್ತದೆ. ಅನುಸಾರಕದವರು ಊಹೆ ಮಾಡಲಿಲ್ಲ. “ಯಾರೋ, ಯಾವುದೋ ಅದು” ಎಂದು ಜೋಡಿಸುವ ಹಿಂದಿಯ “ಜೋ” ಪದದ ಪಕ್ಕ ಒಂದು ನಕ್ಷತ್ರ ಚಿಹ್ನೆ ಹಾಕಿ, ಇಲ್ಲಿ ಸಂಬಂಧ ಏನು ಅಂತ ಓದುವವರೇ ನೋಡಿಕೊಳ್ಳಿ ಎಂದು ಬಿಟ್ಟರು. ಓದಲು ಒರಟು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತೋರಿಸುವ ಯಂತ್ರ ಅದು. ಆ ನಕ್ಷತ್ರದ ಮೇಲೆ ನನಗೆ ಇವತ್ತಿಗೂ ಗೌರವ.

ಎಲ್ಲವನ್ನೂ ಬದಲಿಸಿದ್ದು 1980ರ ದಶಕದ ಕೊನೆಯಲ್ಲಿ ಐಬಿಎಂನ ಒಂದು ತಂಡ. ವ್ಯಾಕರಣ ಕಲಿಸುವುದು ಬೇಡ, ಸುಮ್ನೆ ಎಣಿಸೋಣ ಎಂದರು. ಕೆನಡಾ ಸಂಸತ್ತಿನ ನಡಾವಳಿ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಅಚ್ಚಾಗುತ್ತದೆ. ಲಕ್ಷಾಂತರ ಸಾಲು ಅಕ್ಕಪಕ್ಕ ಇಟ್ಟು, ಯಾವ ಪದ ಯಾವ ಪದದ ಜೊತೆ ಮತ್ತೆ ಮತ್ತೆ ಕಾಣಿಸುತ್ತದೆ ಎಂದು ಲೆಕ್ಕ ಹಾಕಿದರು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೀವೇ ಮಾಡಿ ನೋಡಿ. ನಿಮಗೆ ತೆಲುಗು ಬರುವುದಿಲ್ಲ ಅಂದುಕೊಳ್ಳಿ. “ಕೊತ್ತ ಇಲ್ಲು” ಪಕ್ಕದಲ್ಲಿ “ಹೊಸ ಮನೆ” ಎಂದಿದೆ. “ಪಾತ ಇಲ್ಲು” ಪಕ್ಕ “ಹಳೆ ಮನೆ”. ಎರಡರಲ್ಲೂ ಇರುವುದು “ಇಲ್ಲು”, ಎರಡರಲ್ಲೂ ಇರುವುದು “ಮನೆ”. ಹಾಗಾದರೆ “ಕೊತ್ತ” ಎಂದರೆ ಹೊಸ. ಈಗ “ಕೊತ್ತ ಬಟ್ಟಲು” ಬಂತು. ಕನ್ನಡದ ಕಿವಿ “ಹೊಸ ಬಟ್ಟಲು” ಎಂದು ಹಾರುತ್ತದೆ. ಆದರೆ ಪಕ್ಕದ ಸಾಲಿನಲ್ಲಿ “ಹೊಸ ಬಟ್ಟೆ” ಎಂದಿದೆ. ತೆಲುಗಿನ ಬಟ್ಟಲು ಉಡುವ ಬಟ್ಟೆ, ಪಾಯಸ ಕುಡಿಯುವ ಬಟ್ಟಲಲ್ಲ. ಎಣಿಸುವವನು ಇಲ್ಲಿ ಮೋಸ ಹೋಗುವುದಿಲ್ಲ, ಭಾಷೆ ಅರ್ಧಂಬರ್ಧ ಬಲ್ಲವನು ಹೋಗುತ್ತಾನೆ.

ಆದರೆ ಪಕ್ಕದ ಸಾಲನ್ನು ಬರೆದದ್ದು ಯಾರು? ಯಾರೋ ಅನುವಾದಕರು. ಕೆನಡಾ ಸಂಸತ್ತಿನ ಸಂಬಳಕ್ಕೆ ಕೂತು ದಿನವೂ ಭಾಷಣ ತಿರುಗಿಸಿದವರು. ಗೂಗಲ್ ಟ್ರಾನ್ಸ್‌ಲೇಟ್ 2006ರಲ್ಲಿ ಶುರುವಾದಾಗ ವಿಶ್ವಸಂಸ್ಥೆ, ಯುರೋಪಿನ ಸಂಸತ್ತಿನ ಕಾಗದಗಳು ಒದಗಿಬಂದವು. ಅವೂ ಯಾರೋ ಅನುವಾದಿಸಿ ಇಟ್ಟಿದ್ದವೇ. ಹಾಗಾಗಿ “ಕಸುಬು ಯಂತ್ರದ ಕೈಗೆ ಹೋಯಿತು” ಎಂದಿರಲ್ಲ, ಅದಕ್ಕೆ ನನ್ನದೊಂದು ತಿದ್ದುಪಡಿ ಇದೆ. ಯಂತ್ರ ಕಸುಬನ್ನು ಕಲಿತಿಲ್ಲ, ಕಸುಬಿನವರ ಕಡತವನ್ನು ಓದಿದೆ. ಎಲ್ಲಿ ಕಡತ ದಪ್ಪಗಿದೆಯೋ ಅಲ್ಲಿ ಅದು ಜಾಣ. ಎಲ್ಲಿ ತೆಳ್ಳಗಿದೆಯೋ ಅಲ್ಲಿ ಊಹೆ.

ಕನ್ನಡದ ಕಡತ ತೆಳ್ಳಗಿತ್ತು. ಗೂಗಲ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಎರಡೂ ಭಾಷೆಯಲ್ಲಿ ಜೋಡಿಯಾಗಿ ಸಿಗುತ್ತಿದ್ದದ್ದು ಬೈಬಲ್, ಸ್ವಯಂಸೇವಕರು ಕನ್ನಡಕ್ಕೆ ತಂದ ಸಾಫ್ಟ್‌ವೇರ್ ಮೆನುಗಳು, ಸರ್ಕಾರಿ ಪ್ರಕಟಣೆ, ಇಂಥವು. ಅಡುಗೆಮನೆ ಮಾತು, ಸಂತೆ ಮಾತು, ಜಗಳ ಎಲ್ಲಿ ಜೋಡಿ ಸಾಲಾಗಿ ಸಿಗಬೇಕು? ಜೊತೆಗೆ, ಕನ್ನಡದ ಒಂದೊಂದು ಪದದ ಬಾಲವೂ ಉದ್ದ. “ಮನೆಯಲ್ಲಿದ್ದವರಿಗೂ” ಎನ್ನುವುದು ನಮಗೆ ಒಂದು ಪದ, ಇಂಗ್ಲಿಷಿಗೆ ಆರೇಳು. ಎಣಿಸುವ ಯಂತ್ರಕ್ಕೆ ಇಂಥ ಪದ ಲಕ್ಷ ಸಾಲಿನಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು.

ಆಗ ಇನ್ನೊಂದು ತಮಾಷೆಯೂ ಇತ್ತು. ತೆಲುಗಿನಿಂದ ಕನ್ನಡಕ್ಕೆ ಬರಬೇಕಾದರೂ ಇಂಗ್ಲಿಷ್ ಸುತ್ತಿ ಬರಬೇಕು. ತೆಲುಗಿನಲ್ಲಿ ಅಕ್ಕ, ಕನ್ನಡದಲ್ಲೂ ಅಕ್ಕ. ನಡುವೆ ಇಂಗ್ಲಿಷ್ ಬಂದರೆ ಅಕ್ಕ ಸಿಸ್ಟರ್ ಆಗಿ, ಕನ್ನಡಕ್ಕೆ ಇಳಿಯುವಾಗ “ಸಹೋದರಿ” ಆಗುತ್ತಾಳೆ. ಮನೆಯಲ್ಲಿ ಯಾರಾದರೂ “ಸಹೋದರಿ, ಊಟಕ್ಕೆ ಬಾ” ಅಂತಾರಾ?

ನೀವು ಈಗ ತಿದ್ದುತ್ತಿರುವುದು ಮೂರನೇ ಪೀಳಿಗೆಯ ಯಂತ್ರದ ಬರಹ. 2014ರ ಆಸುಪಾಸಿನಲ್ಲಿ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿ ಬಂತು, 2016ರಲ್ಲಿ ಗೂಗಲ್ ಅದಕ್ಕೆ ಬದಲಾಯಿತು, 2017ರಲ್ಲಿ ಕನ್ನಡಕ್ಕೂ ತಂದಿತು. ಇದು ಪದಕ್ಕೆ ಪದ ಜೋಡಿಸುವುದಿಲ್ಲ. ಪದವನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ಅಂಕಿಗಳ ಸಾಲಾಗಿ ಮಾಡಿ, ಇಡೀ ವಾಕ್ಯದಲ್ಲಿ ಯಾವುದಕ್ಕೆ ಯಾವುದು ಸೇರುತ್ತದೆ ಎಂದು ತೂಗುತ್ತದೆ. “ಮನೆಯಲ್ಲಿದ್ದವರಿಗೂ” ಈಗ ಅದಕ್ಕೆ ಕಗ್ಗಂಟಲ್ಲ. ಕಡತವೂ ಬೆಳೆಯಿತು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2021ರಲ್ಲಿ ‘ಸಮಾನಾಂತರ’ ಎಂಬ ಸಂಗ್ರಹ ಬಿಟ್ಟಿತು. ಹನ್ನೊಂದು ಭಾರತೀಯ ಭಾಷೆ ಸೇರಿ ನಾಲ್ಕೂವರೆ ಕೋಟಿಗೂ ಹೆಚ್ಚು ಜೋಡಿ ಸಾಲು, ಅದರಲ್ಲಿ ಕನ್ನಡದ್ದು ಸುಮಾರು 40 ಲಕ್ಷ. 2024ರಲ್ಲಿ ಗೂಗಲ್‌ಗೆ ತುಳುವೂ ಸೇರಿತು.

ಆದರೆ ಈ ಪೀಳಿಗೆಗೆ ಒಂದು ಕೆಟ್ಟ ಗುಣವಿದೆ. ಹಳೆಯ ಯಂತ್ರ ತಪ್ಪಿದರೆ ಸಾಲು ಕುಂಟುತ್ತಿತ್ತು, ದೂರದಿಂದಲೇ ಕಾಣುತ್ತಿತ್ತು. ಹೊಸದು ತಪ್ಪಿದರೂ ಸಾಲು ನುಣ್ಣಗೆ ಇರುತ್ತದೆ. ನಕ್ಷತ್ರ ಹಾಕುವುದಿಲ್ಲ. ಹೋದ ವರ್ಷ ಒಂದು ಔಷಧಿ ಕಂಪನಿಯ ಚೀಟಿ ನನ್ನ ಬಳಿ ಬಂತು. ಇಂಗ್ಲಿಷಿನಲ್ಲಿ, ಊಟ ಮಾಡದೆ ಈ ಮಾತ್ರೆ ತೆಗೆದುಕೊಳ್ಳಬೇಡಿ ಎಂದಿತ್ತು. ಯಂತ್ರದ ಕನ್ನಡ: “ಊಟ ಮಾಡದೆ ಈ ಮಾತ್ರೆಯನ್ನು ತೆಗೆದುಕೊಳ್ಳಿ.” ಎಷ್ಟು ಸಲೀಸಾದ ವಾಕ್ಯ! ಎರಡು ನಿಷೇಧದಲ್ಲಿ ಒಂದು ಜಾರಿಬಿದ್ದಿದೆ. ಮೊದಲ ಸಲ ಓದಿದಾಗ ನನ್ನ ಕಣ್ಣೂ ದಾಟಿಹೋಯಿತು. ಟೀ ಕುಡಿದು ಬಂದು ಮತ್ತೆ ನೋಡಿದಾಗ ಸಿಕ್ಕಿತು.

ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ವ್ಯವಹಾರದ್ದು. ಬಿಡಬೇಡಿ, ಆದರೆ “ಸ್ವಲ್ಪ ನೋಡಿಕೊಡಿ” ಎಂಬ ಮಾತಿಗೆ ಒಪ್ಪಬೇಡಿ. ನುಣುಪಾದ ತಪ್ಪನ್ನು ಹಿಡಿಯುವುದು ಹೊಸದಾಗಿ ಬರೆಯುವುದಕ್ಕಿಂತ ಸುಲಭವಲ್ಲ. ಪದಕ್ಕೆ ಇಷ್ಟು ಎಂಬ ಲೆಕ್ಕ ಇಲ್ಲಿ ನಿಮಗೆ ನಷ್ಟ, ಗಂಟೆಗೆ ಇಷ್ಟು ಎಂದು ಕೇಳಿ. ಕೆಲಸ ಕೊಡುವವರಿಗೆ ನಂಬಿಕೆ ಬರದಿದ್ದರೆ, ಇಂಥ ಒಂದು ಚೀಟಿ ಸಾಲು ಎತ್ತಿ ತೋರಿಸಿ. ತಪ್ಪಾದರೆ ರೋಗಿ ಯಂತ್ರವನ್ನು ಕೇಳುವುದಿಲ್ಲ, ಅವರನ್ನೇ ಕೇಳುತ್ತಾನೆ. ಕತೆ, ಕವನ, ಜಾಹೀರಾತು ಬಂದರೆ ಯಂತ್ರದ ಕರಡು ಬೇಡ, ಮೂಲವನ್ನೇ ಕಳಿಸಿ ಎನ್ನಿ. ಆ ಕರಡು ಒಮ್ಮೆ ಕಣ್ಣಿಗೆ ಬಿದ್ದರೆ ನಿಮ್ಮ ಸ್ವಂತ ವಾಕ್ಯ ಹುಟ್ಟುವುದು ಕಷ್ಟ. ಇದು ನನ್ನ ಅನುಭವ, ಬೇರೆಯವರು ಒಪ್ಪಲಿಕ್ಕಿಲ್ಲ.

ತಿದ್ದುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಮೊದಲು ಮೂಲವನ್ನು ಓದಿ, ಆಮೇಲೆ ಕನ್ನಡವನ್ನು. ಕನ್ನಡ ಮೊದಲು ಓದಿದರೆ ಅದರ ನುಣುಪಿಗೆ ಸೋಲುತ್ತೀರಿ. ಅಂಕಿ, ಹೆಸರು, “ಇಲ್ಲ-ಬೇಡ-ಕೂಡದು”ಗಳ ಮೇಲೆ ಬೆರಳಿಟ್ಟು ನೋಡಿ. “ಮಾಡದೆ”, “ಮಾಡಿದೆ” ನಡುವೆ ಇರುವುದು ಒಂದು ಗುಡಿಸು ಮಾತ್ರ. ಡಾಕ್ಟರು, ನರ್ಸು, ಮೇಷ್ಟ್ರು ಬಂದ ಕಡೆ “ಅವನು-ಅವಳು” ಮಾಡಿದೆಯೋ ನೋಡಿ, “ಅವರು” ಎಂದು ಬದಲಿಸಿ. ನಾಲ್ಕನೇ ಸಾಲಿನಲ್ಲಿ “ನೀವು” ಎಂದದ್ದು ಹತ್ತನೇ ಸಾಲಿನಲ್ಲಿ “ನೀನು” ಆಗಿರುತ್ತದೆ, ಅದನ್ನೂ ಹಿಡಿಯಿರಿ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಪ್ರಕಟಣೆ ನಿಮ್ಮ ಕೈಗೆ ಬಂದರೆ, ಯಂತ್ರಕ್ಕೆ ಹಾಕುವ ಮುಂಚೆ ಕನ್ನಡವನ್ನೇ ಎರಡು ವಾಕ್ಯ ಮಾಡಿಬಿಡಿ: “ನಟಿ ಸರೋಜಾದೇವಿ ನಿನ್ನೆ ನಿಧನರಾದರು. ಮುಖ್ಯಮಂತ್ರಿಗಳು ಅವರ ಅಂತಿಮ ದರ್ಶನ ಪಡೆದರು.”